ಫೋನ್ ಮಾಡಿದ್ದು ಒಬ್ಬ ನರ್ಸ್

ಮಂಗಳೂರಿನ ಹೆರಿಗೆ ವಾರ್ಡಿನಲ್ಲಿ ನಾನು ನರ್ಸ್. ಐರ್ಲೆಂಡಿಗೆ ಹೊರಟ ಜೂನಿಯರ್ ಹುಡುಗಿಗೆ ಮೊನ್ನೆ ಬೆಳಗಾವಿಯ ಸವಿತಾ ಹಾಲಪ್ಪನವರ್ ವಿಷಯ ಹೇಳಿದೆ. 2012, ಐರ್ಲೆಂಡಿನ ಗಾಲ್ವೇ, 17 ವಾರದ ಗರ್ಭ. ಉಳಿಯುವುದಿಲ್ಲ ಎಂದು ಗೊತ್ತಿದ್ದರೂ ಭ್ರೂಣದ ಎದೆಬಡಿತ ಇದೆ ಎಂದು ಗರ್ಭಪಾತ ಮಾಡಲಿಲ್ಲ. ನಂಜೇರಿ ತೀರಿಕೊಂಡರು, 31 ವರ್ಷಕ್ಕೆ. ನೀರು ಒಡೆದ ಮೇಲೆ ಸುಮ್ಮನೆ ಕಾದರೆ ಸೋಂಕು ಏರುತ್ತದೆ, ಅದು ನಮ್ಮ ವಾರ್ಡಿನ ಆಯಾಗೂ ಗೊತ್ತು! 2018ರ ಜನಮತಗಣನೆಯ ನಂತರ ಅಲ್ಲಿನ ಗರ್ಭಪಾತದ ಕಾನೂನು ಬದಲಾಯಿತು.

ಇನ್ನೊಂದು ಕೇಸನ್ನೂ ಹೇಳಿದೆ. ಅಮೆರಿಕದ ಒಹಾಯೊದಲ್ಲಿ 2023ರಲ್ಲಿ ಮನೆಯ ಬಾತ್‌ರೂಮಿನಲ್ಲಿ ಗರ್ಭ ಹೋದ ಕಪ್ಪು ಮಹಿಳೆ ಬ್ರಿಟನಿ ವಾಟ್ಸ್ ಮೇಲೆ ಭ್ರೂಣದ ಶವಕ್ಕೆ ಅಗೌರವ ತೋರಿದ ಕೇಸು ಹಾಕಿದರು. ಮರುವರ್ಷದ ಜನವರಿಯಲ್ಲಿ ಗ್ರ್ಯಾಂಡ್ ಜ್ಯೂರಿ (ಕೇಸು ವಿಚಾರಣೆಗೆ ಹೋಗಬೇಕೇ ಎಂದು ನಿರ್ಧರಿಸುವ ನಾಗರಿಕರ ಮಂಡಳಿ) ಅದನ್ನು ಕೈಬಿಟ್ಟಿತು. ಪೊಲೀಸರಿಗೆ ಫೋನ್ ಮಾಡಿದ್ದು ಆಸ್ಪತ್ರೆಯ ನರ್ಸ್. ರಕ್ತ ಹೋಗುತ್ತಾ ಬಂದವಳ ಬಿಪಿ ನೋಡಬೇಕಾದ ಕೈ ಅದು.

"ವಾಟ್ಸ್ ಬಿಳಿಯರಾಗಿದ್ದರೆ ಫೋನ್ ಮಾಡ್ತಿದ್ರಾ ಸಿಸ್ಟರ್?" ಎಂದು ಹುಡುಗಿ ಕೇಳಿದಳು.

ಮಾಡುತ್ತಿರಲಿಲ್ಲ ಎಂದೇ ನನ್ನ ನಂಬಿಕೆ, ಹಾಗೆಯೇ ಹೇಳಿದೆ.