ನಮೀಬಿಯಾದ ಕಾಡೆಮ್ಮೆ ಬೇಟೆ: ಶಿಬಿರದ ರೈಫಲ್ ನಂಬಿ ಹೊರಡುವವರಿಗೆ

ನಮೀಬಿಯಾದ ಈಶಾನ್ಯ ತುದಿಯಲ್ಲಿರುವ ಜಾಂಬೆಜಿ ಪ್ರಾಂತ್ಯಕ್ಕೆ ಕೇಪ್ ಬಫೆಲೊ ಎನ್ನುವ ಕಾಡೆಮ್ಮೆಯ ಬೇಟೆಗೆ ಹೋಗಿ ಬಂದ ಮೇಲೆ, ಇದೇ ಪ್ರವಾಸಕ್ಕೆ ಸಿದ್ಧರಾಗುತ್ತಿರುವ ಪರಿಚಿತರು ನನ್ನನ್ನು ಕೇಳಿದ್ದೆಲ್ಲ ಶಿಬಿರದ ವಸತಿ ಮತ್ತು ಖರ್ಚಿನ ಬಗ್ಗೆಯೇ. ಯಾವ ರೈಫಲ್, ಯಾವ ತೋಟಾ ಎಂದು ಒಬ್ಬರೂ ಕೇಳಲಿಲ್ಲ. ಹೊರಡುವ ಮುನ್ನ ನಾನೂ ಕೇಳಿರಲಿಲ್ಲ. ರೈಫಲ್ ಮತ್ತು ಮದ್ದುಗುಂಡು ಶಿಬಿರದಿಂದಲೇ ಎಂಬ ಒಂದು ಸಾಲನ್ನು ಒಪ್ಪಂದದಲ್ಲಿ ಓದಿ ನಿಶ್ಚಿಂತನಾಗಿದ್ದೆ. ಆ ನಿಶ್ಚಿಂತೆಗೆ ಎರಡು ಇಡೀ ದಿನಗಳನ್ನೂ ಒಂದು ನೀಲಿಗಟ್ಟಿದ ಭುಜವನ್ನೂ ತೆತ್ತಿದ್ದೇನೆ.

ಮೊದಲು ಕಾನೂನಿನ ಮಾತು. ಕಾಡೆಮ್ಮೆ ಮತ್ತು ಆನೆಯಂಥ ಪ್ರಾಣಿಗಳಿಗೆ ಬಳಸುವ ರೈಫಲ್‌ನ ಗುಂಡು ನಳಿಗೆಯ ಬಾಯಿಯಲ್ಲಿ ಕನಿಷ್ಠ 5,400 ಜೌಲ್ ಶಕ್ತಿ ಹೊಂದಿರಬೇಕೆಂದು ನಮೀಬಿಯಾದ ನಿಯಮ ಹೇಳುತ್ತದೆ; ಜಿಂಕೆಯಂಥ ಕುಡು, ಓರಿಕ್ಸ್‌ಗಳಿಗೆ 2,700 ಜೌಲ್ ಸಾಕು. ಹಾಗಾಗಿ 1905ರಿಂದ ಆಫ್ರಿಕದ ರೈತರ ಕೈಯಲ್ಲಿ ನಂಬಿಕೆ ಗಳಿಸಿರುವ 9.3x62 ಅಳತೆಯ ರೈಫಲ್ ಕೂಡ ಸಾಮಾನ್ಯ ತೋಟಾದೊಂದಿಗೆ ಇಲ್ಲಿನ ಕಾಡೆಮ್ಮೆಗೆ ಸಲ್ಲುವುದಿಲ್ಲ. 1912ರಲ್ಲಿ ಬಂದ .375 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಮ್ 300 ಗ್ರೇನ್ (ಸುಮಾರು 19 ಗ್ರಾಂ) ಗುಂಡಿನೊಂದಿಗೆ ಈ ಗೆರೆಯನ್ನು ದಾಟುತ್ತದೆ, ಆದರೆ ಬಹಳ ಅಂತರದಿಂದಲ್ಲ. ನಳಿಗೆ ಗಿಡ್ಡವಾಗಿದ್ದರೆ ವೇಗ ಕುಗ್ಗುವುದರಿಂದ, ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಯನ್ನು ಹಾಗೆಯೇ ನಂಬಬಾರದು.

ವಿಂಡ್‌ಹುಕ್‌ನಿಂದ ಕಟಿಮಾ ಮುಲಿಲೊವರೆಗೆ ರಸ್ತೆಯಲ್ಲಿ ಸುಮಾರು 1,200 ಕಿಲೋಮೀಟರ್. ರುಂಡು ದಾಟಿದ ಮೇಲೆ ಬಿ8 ಹೆದ್ದಾರಿ ಬ್ವಾಬ್ವಾಟಾ ರಾಷ್ಟ್ರೀಯ ಉದ್ಯಾನದ ನಡುವೆ ಸಾಗುತ್ತದೆ, ಅಲ್ಲಿ ಆನೆಗಳು ರಸ್ತೆಗೆ ಬರುವುದರಿಂದ ಕತ್ತಲಾದ ಮೇಲೆ ವಾಹನ ಓಡಿಸುವುದು ಅಪಾಯ. ನಮ್ಮನ್ನು ಕರೆದೊಯ್ದ ವ್ಯಾನಿನ ಹಿಂದಿನ ಆಸನಕ್ಕೆ ಬೆನ್ನೊರಗು ಸರಿಯಾಗಿರಲಿಲ್ಲ. ಹಾಗೆ ಜಖಂ ಆದ ಮೈಯಲ್ಲಿ ಶಿಬಿರ ತಲುಪಿದ ಸಂಜೆಯೇ, ಬೆಳಕಿರುವಾಗ ಗುರಿ ಪರೀಕ್ಷಿಸೋಣ ಬನ್ನಿ ಎಂದರು. ಒಪ್ಪಿದ್ದು ನನ್ನ ಮೊದಲ ತಪ್ಪು. ದಣಿದ ಮೈ ಹೊತ್ತು ದೊಡ್ಡ ಬೋರಿನ ರೈಫಲ್ ಎತ್ತಬೇಡಿ, ಮರುದಿನ ಬೆಳಿಗ್ಗೆ ಎಂದು ನಯವಾಗಿಯೇ ಹೇಳಿಬಿಡಿ.

ಶಿಬಿರದವರು ತಾವಾಗಿಯೇ ಪತ್ರಗಳಲ್ಲಿ ಮಾತು ಕೊಟ್ಟಿದ್ದ .375 ಬೇರೊಬ್ಬ ಅತಿಥಿಯ ಕೈಯಲ್ಲಿತ್ತು. ನನಗೆ ಕೊಟ್ಟದ್ದು .458 ವಿಂಚೆಸ್ಟರ್ ಮ್ಯಾಗ್ನಮ್, 500 ಗ್ರೇನ್ ಗುಂಡು, ಇನ್ನೂ ಒಳ್ಳೆಯದೇ ಆಯಿತಲ್ಲ ಎಂಬ ಸಮಜಾಯಿಷಿಯೊಡನೆ. ಕ್ಯಾಲಿಬರ್ (ನಳಿಗೆಯ ಅಳತೆ) ಕೆಟ್ಟದ್ದಲ್ಲ, 1956ರಿಂದ ವೃತ್ತಿಪರ ಬೇಟೆಗಾರರು ಅದನ್ನು ಬಳಸುತ್ತ ಬಂದಿದ್ದಾರೆ. ಆದರೆ ಅದರ ಒದೆತ .375ರ ಒದೆತದ ಸುಮಾರು ಒಂದೂವರೆ ಪಟ್ಟು. ಹನ್ನೆರಡು ಬೋರಿನ ಕೋವಿ ಹಿಡಿದು ಬೆಳೆದ ನನಗೆ ಒದೆತ ಹೊಸದಲ್ಲ ಎಂದುಕೊಂಡಿದ್ದೆ. ರೈಫಲ್ಲಿನ ಬಟ್ (ಭುಜಕ್ಕೆ ಒತ್ತಿ ಹಿಡಿಯುವ ಹಿಂಭಾಗ) ನನ್ನ ತೋಳಿಗೆ ಉದ್ದವಾಗಿತ್ತು, ರಬ್ಬರ್ ಮೆತ್ತೆ ಕಲ್ಲಿನಂತೆ ಗಟ್ಟಿಯಾಗಿತ್ತು. ಮೂರನೆಯ ಗುಂಡಿನ ಹೊತ್ತಿಗೆ ಟ್ರಿಗರ್ ಎಳೆಯುವ ಮುನ್ನವೇ ನನ್ನ ಕಣ್ಣು ಮುಚ್ಚುತ್ತಿತ್ತು. ಗಾಯಗೊಂಡ ಕಾಡೆಮ್ಮೆ ಪೊದೆಯೊಳಗೆ ಸೇರಿದರೆ ಅದನ್ನು ಹುಡುಕಿ ಹೋಗಬೇಕಾದವರು ಮುಂದೆ ನಡೆಯುವ, ಹೆಜ್ಜೆಗುರುತು ಹುಡುಕುವವರು. ನಾನು ಕಣ್ಣು ಮುಚ್ಚಿ ಹೊಡೆದ ಗುಂಡಿಗೆ ಅವರ ಪ್ರಾಣವನ್ನು ಒಡ್ಡಲು ನನ್ನಿಂದ ಆಗಲಿಲ್ಲ. .375 ಸಿಗದೆ ಬೇಟೆಗೆ ಹೊರಡುವುದಿಲ್ಲ ಎಂದೆ.

ಎರಡು ದಿನದ ಮೇಲೆ .375 ಬಂತು. ಮಾಸರ್ ಮಾದರಿಯ ಅಗಲವಾದ ಎಕ್ಸ್‌ಟ್ರಾಕ್ಟರ್ (ತೋಟಾವನ್ನು ಹಿಡಿದೆಳೆಯುವ ಕೊಕ್ಕೆ) ಇದ್ದ ಒಳ್ಳೆಯ ಬೋಲ್ಟ್ ರೈಫಲ್ ಅದು. ತೋಟಾ ಮ್ಯಾಗಜಿನ್‌ನಿಂದ ಮೇಲೇಳುತ್ತಿದ್ದಂತೆಯೇ ಅದರ ಅಂಚನ್ನು ಹಿಡಿಯುವ ಈ ವ್ಯವಸ್ಥೆಯಿಂದ, ಗಡಿಬಿಡಿಯಲ್ಲಿ ಬೋಲ್ಟ್ ಅರ್ಧ ಎಳೆದು ತಳ್ಳಿದರೂ ಎರಡು ತೋಟಾ ಒಂದಕ್ಕೊಂದು ಸಿಕ್ಕಿಕೊಳ್ಳುವ ಸಂಭವ ಕಡಿಮೆ. ಆದರೆ ಅದರೊಂದಿಗೆ ಕೊಟ್ಟ ತೋಟಾಗಳು ಮೂರು ಬೇರೆ ಬೇರೆ ಪೆಟ್ಟಿಗೆಗಳ ಉಳಿಕೆಗಳು. ನನಗೆ ನಿಜವಾಗಿ ಮೋಸವೆನಿಸಿದ್ದು ಇಲ್ಲಿ. ಕಾಡೆಮ್ಮೆಗೆ ಮೊದಲ ಗುಂಡು ಬಡಿದಾಗ ಮೂತಿ ಅರಳುವ ಸಾಫ್ಟ್ ಪಾಯಿಂಟ್ ಆಗಿರಬೇಕು, ಅದೂ ಸೀಸದ ತಿರುಳು ತಾಮ್ರದ ಕವಚಕ್ಕೆ ಬೆಸೆದಿರುವಂಥದ್ದು ಅಥವಾ ಇಡೀ ತಾಮ್ರದ್ದು; ಅರಳದೆ ಆಳಕ್ಕಿಳಿಯುವ ಸಾಲಿಡ್ ಗುಂಡು ಒಂದು ಪ್ರಾಣಿಯನ್ನು ತೂರಿ ಹಿಂದೆ ನಿಂತ ಇನ್ನೊಂದನ್ನು ಗಾಯಗೊಳಿಸಬಹುದು. ಪ್ರಾಣಿ ತಿರುಗಿ ಓಡತೊಡಗಿದ ಮೇಲೆ ಹಿಂದಿನಿಂದ ಎದೆಯವರೆಗೆ ತಲುಪಲು ಸಾಲಿಡ್ ಬೇಕು. ಈ ಎರಡೂ ಒಂದೇ ಜಾಗಕ್ಕೆ ಬೀಳುತ್ತವೆಯೇ ಎಂಬುದನ್ನು ಅದೇ ರೈಫಲ್‌ನಲ್ಲಿ ಹೊಡೆದೇ ತಿಳಿಯಬೇಕು. ನನ್ನ ಸಾಫ್ಟ್ ಗುಂಡುಗಳು 50 ಮೀಟರಿನಲ್ಲಿ ಮಧ್ಯಕ್ಕೆ ಬಿದ್ದರೆ, ಸಾಲಿಡ್ ಒಂದು ಗೇಣು ಮೇಲಕ್ಕೆ ಹೋದವು. ಬೇರೆ ಪೆಟ್ಟಿಗೆಯ ಸಾಲಿಡ್‌ಗಳು ಹತ್ತಿರ ಬಂದವು, ಆದರೆ ಅವುಗಳ ಚಪ್ಪಟೆ ಮೂತಿ ಮ್ಯಾಗಜಿನ್‌ನಿಂದ ಏಳುವಾಗ ಎರಡು ಸಲ ಸಿಕ್ಕಿಕೊಂಡಿತು. ಪೂರ್ತಿ ತುಂಬಿದ ಮ್ಯಾಗಜಿನ್ನನ್ನು ವೇಗವಾಗಿ ಖಾಲಿ ಮಾಡಿ ನೋಡದಿದ್ದರೆ ಇದು ಕಾಡಿನಲ್ಲಿಯೇ ಗೊತ್ತಾಗುತ್ತಿತ್ತು.

ಆದ್ದರಿಂದ ಮುಂಗಡ ಕಳುಹಿಸುವ ಮೊದಲು ರೈಫಲ್‌ನ ತಯಾರಿಕೆ, ನಳಿಗೆಯ ಉದ್ದ, ಬಟ್ಟಿನ ಉದ್ದ, ಸ್ಕೋಪ್ (ಗುರಿ ನೋಡುವ ದುರ್ಬೀನು) ಯಾವುದು ಎಂಬುದನ್ನು ಬರಹದಲ್ಲಿ ಪಡೆಯಿರಿ. ಬೇಟೆ ಸಾಮಾನ್ಯವಾಗಿ 100 ಮೀಟರಿನ ಒಳಗೇ ನಡೆಯುವುದರಿಂದ 1ರಿಂದ 4 ಪಟ್ಟಿನ ಸ್ಕೋಪ್ ಸಾಕು, ಕಣ್ಣಿಗೂ ಅದಕ್ಕೂ ನಡುವೆ ಧಾರಾಳ ಅಂತರವಿರಲಿ. ಒದೆತಕ್ಕೆ ಸ್ಕೋಪ್ ಬಡಿದು ನನ್ನ ಹುಬ್ಬಿನ ಮೇಲಾದ ಗಾಯ ಇದಕ್ಕೆ ಸಾಕ್ಷಿ. ಒಂದೇ ತಯಾರಕರ, ಒಂದೇ ತೂಕದ ಸಾಫ್ಟ್ ಮತ್ತು ಸಾಲಿಡ್ ತೋಟಾಗಳು ನನಗಾಗಿ ತೆಗೆದಿಟ್ಟಿರಬೇಕು ಎಂದು ಒತ್ತಾಯಿಸಿ. ಊರಿನಲ್ಲಿ ಮೂರು ಕಾಲಿನ ಊರುಗೋಲಿನ ಮೇಲೆ ರೈಫಲ್ ಊರಿ, ನಿಂತುಕೊಂಡು, ಸಣ್ಣ ಬೋರಿನ ರೈಫಲ್‌ನಲ್ಲಾದರೂ ಅಭ್ಯಾಸ ಮಾಡಿ. ಮೇಜಿನ ಮೇಲಿನ ಗುರಿಯಿಂದ ಅಲ್ಲಿ ಪ್ರಯೋಜನವಿಲ್ಲ. ಸ್ವಂತ ರೈಫಲ್ ಒಯ್ಯುವವರು ಹಾದುಹೋಗುವ ಪ್ರತಿ ದೇಶದ ಅನುಮತಿಯನ್ನೂ ನೋಡಿಕೊಳ್ಳಬೇಕು. ವಿಮಾನದಲ್ಲಿ ಮದ್ದುಗುಂಡಿಗೆ ಒಬ್ಬರಿಗೆ 5 ಕೆ.ಜಿ. ಮಿತಿ, ಇಬ್ಬರ ಪಾಲನ್ನು ಒಂದೇ ಪೆಟ್ಟಿಗೆಗೆ ಸೇರಿಸುವಂತಿಲ್ಲ; 40 ತೋಟಾ ಒಯ್ದರೂ ಆ ಮಿತಿಯ ಅರ್ಧ ಮುಟ್ಟುವುದಿಲ್ಲ.

ವಿಂಡ್‌ಹುಕ್‌ನಲ್ಲಿ ಒಂದು ದಿನ ಉಳಿಯಿರಿ, ಭುಜಕ್ಕೂ ಹೊಟ್ಟೆಗೂ ಒಳ್ಳೆಯದು. ಕಟುಟುರಾದ ಸಿಂಗಲ್ ಕ್ವಾರ್ಟರ್ಸ್ ಮಾರುಕಟ್ಟೆಯಲ್ಲಿ ಕೆಂಡದ ಮೇಲೆ ಸುಡುವ ಕಪಾನಾ ಎಂಬ ದನದ ಮಾಂಸದ ಎಳೆಗಳನ್ನು ಅಲ್ಲಿಯೇ ಕತ್ತರಿಸಿ ಕೊಡುತ್ತಾರೆ. ಉಪ್ಪು ಖಾರದ ಪುಡಿಯಲ್ಲಿ ಅದ್ದಿ, ಹೆಚ್ಚಿದ ಟೊಮ್ಯಾಟೊ ಈರುಳ್ಳಿಯೊಡನೆ, ಎಣ್ಣೆಯಲ್ಲಿ ಕರಿದ ಉಬ್ಬಿದ ರೊಟ್ಟಿ ಹಿಡಿದು ನಿಂತೇ ತಿನ್ನಬೇಕು. ಹೊಗೆ, ನೂಕುನುಗ್ಗಲು, ಗದ್ದಲ ಎಲ್ಲವೂ ಇವೆ, ನನಗೆ ಅವು ತೊಂದರೆಯೆನಿಸಲಿಲ್ಲ. ಶಿಬಿರದ ಮೇಜುಬಟ್ಟೆಯ ಊಟಗಳಲ್ಲಿ ಒಂದೂ ಇದರ ಹತ್ತಿರ ಬರಲಿಲ್ಲ. ಹಿಂದಿರುಗುವಾಗಲೂ ಅಲ್ಲಿಗೇ ಹೋಗಿ ಎರಡು ಸಲ ಕೇಳಿ ತಿಂದೆ.

ಹೊರಡುವ ದಿನ ಕೊಟ್ಟ ಲೆಕ್ಕದಲ್ಲಿ, ಗುರಿ ಪರೀಕ್ಷೆಗೆ ಹೊಡೆದ 19 ತೋಟಾಗಳಿಗೂ ಬೆಲೆ ಹಾಕಿದ್ದರು. ಮದ್ದುಗುಂಡು ಶಿಬಿರದ್ದೇ ಎಂಬ ಸಾಲನ್ನು ತೋರಿಸಿದೆ. ಅದು ಬೇಟೆಯ ಗುಂಡುಗಳಿಗೆ ಮಾತ್ರ ಎಂದರು. ಪರೀಕ್ಷೆಯ ತೋಟಾಗಳೂ ಸೇರಿವೆಯೇ ಎಂಬುದನ್ನು ಒಪ್ಪಂದದಲ್ಲಿಯೇ ಬರೆಸಿಕೊಳ್ಳಿ.