ಎಲ್ಫ್ ಸತ್ತ ಮರುದಿನ

16 ನವೆಂಬರ್ 2025, ಭಾನುವಾರ

ನಿನ್ನೆ ರಾತ್ರಿ ಹನ್ನೊಂದೂವರೆಗೆ ಅಕ್ಕನ ಮಗನ ಎಲ್ಫ್ ಸತ್ತಿತು. ಕೊಂದವನು ಅವನೇ. ಹತ್ತಡಿ ಅಗಲ, ಹತ್ತಡಿ ಎತ್ತರದ ಸುರಂಗದಲ್ಲಿ ನಿಂತು, ಅರವತ್ತು ಅಡಿ ಆಚೆಗಿದ್ದ ಓರ್ಕ್ ಎಂಬ ರಾಕ್ಷಸರ ಮೇಲೆ ಫೈರ್‌ಬಾಲ್ ಎಂಬ ಬೆಂಕಿಯ ಮಂತ್ರ ಎಸೆದ. ಇದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಒಬ್ಬೊಬ್ಬರು ಒಂದೊಂದು ಕಲ್ಪಿತ ಪಾತ್ರವಾಗಿ ಆಡುವ ಆಟ. ಎಲ್ಫ್ ಅವನ ಪಾತ್ರ. ನಾವು ಆಡುವುದು ಹಳೆಯ ನಿಯಮಗಳಲ್ಲಿ. ಅಲ್ಲಿ ಆ ಬೆಂಕಿ ಸುಮಾರು 33,000 ಘನ ಅಡಿ ಜಾಗವನ್ನು ತುಂಬಲೇಬೇಕು. ಬಯಲಾದರೆ ಉಂಡೆಯಾಗಿ ಹರಡಿ ಸುಮ್ಮನಾಗುತ್ತದೆ. ಸುರಂಗದಲ್ಲಿ ಜಾಗ ಸಾಲದೆ ಎರಡೂ ಕಡೆಗೆ ನುಗ್ಗುತ್ತದೆ. ಲೆಕ್ಕ ಹಾಕಿದರೆ ಆ ಕಡೆಗೆ 165 ಅಡಿ, ಈ ಕಡೆಗೆ 165 ಅಡಿ. ಓರ್ಕ್‌ಗಳೂ ಬೆಂದವು, ಎಲ್ಫೂ ಬೆಂದಿತು.

“ಇದು ಅನ್ಯಾಯ ಮಾವ. ಇಪ್ಪತ್ತು ಅಡಿ ತ್ರಿಜ್ಯ ಎಂದು ಪುಸ್ತಕದಲ್ಲೇ ಇದೆ” ಎಂದ. ಅವನ ಪುಸ್ತಕ 2014ರದು, ನನ್ನದು 1978ರದು. ಹಾಗಾದರೆ ಎಲ್ಫನ್ನು ಬದುಕಿಸಿ ಎಂದ. ನನ್ನ ಪುಸ್ತಕದಲ್ಲಿ ಸತ್ತವರನ್ನು ಎಬ್ಬಿಸುವ ಪುರೋಹಿತರ ಮಂತ್ರ ಮನುಷ್ಯರಿಗೆ ತಗಲುತ್ತದೆ, ಕುಳ್ಳರಿಗೆ ತಗಲುತ್ತದೆ, ಎಲ್ಫ್‌ಗಳಿಗೆ ತಗಲುವುದಿಲ್ಲ. ಹುಡುಗ ಊಟವನ್ನೂ ಮಾಡದೆ ಹೊರಟುಹೋದ.

ಬೆಳಿಗ್ಗೆ ಎದ್ದವನೇ ನನ್ನ ಪರವಾಗಿ ಒಂದು ತೀರ್ಪು ಹುಡುಕಲು ಕುಳಿತೆ. ಈ ಆಟದ್ದೇ ಪತ್ರಿಕೆಯಾದ ‘ಡ್ರ್ಯಾಗನ್’ನ ಮೊದಲ 250 ಸಂಚಿಕೆಗಳನ್ನು ಸಿಡಿಗಳಲ್ಲಿ ತುಂಬಿ 1999ರಲ್ಲಿ ಮಾರಿದ್ದರು. ಅಮೆರಿಕದಿಂದ ಮರಳಿದ ಗೆಳೆಯನೊಬ್ಬ ಬಿಟ್ಟುಹೋದ ಆ ಪೆಟ್ಟಿಗೆ ಅಟ್ಟದ ಮೇಲಿತ್ತು. ಸಿಡಿ ಓದುವ ಯಂತ್ರ ಈಗ ಯಾರ ಮನೆಯಲ್ಲಿದೆ? ಕೊನೆಗೆ ಎದುರುಮನೆಯ ನಿವೃತ್ತ ಮೇಷ್ಟರ ಬಳಿ ಸಿಕ್ಕಿತು. ಏತಕ್ಕೆ ಎಂದು ಕೇಳಿದರು. ಕಾನೂನಿನ ವಿಷಯ ಎಂದೆ.

ಆ ಪತ್ರಿಕೆ 1976ರ ಜೂನ್‌ನಲ್ಲಿ ಹುಟ್ಟಿದ್ದು, ಆಟವನ್ನು ಪ್ರಕಟಿಸುತ್ತಿದ್ದ ವಿಸ್ಕಾನ್ಸಿನ್‌ನ ಲೇಕ್ ಜಿನೀವಾದ ಟಿಎಸ್‌ಆರ್ ಕಂಪನಿಯಲ್ಲಿ. ‘ಸೇಜ್ ಅಡ್ವೈಸ್’ ಎಂಬ ಪ್ರಶ್ನೋತ್ತರ ಅಂಕಣ ಶುರುವಾದದ್ದು 1979ರ ನವೆಂಬರ್ ಸಂಚಿಕೆಯಲ್ಲಿ. ಡಂಜನ್ ಮಾಸ್ಟರ್‌ಗಳಿಗಾಗಿ, ಅಂದರೆ ಆಟ ನಡೆಸಿ ತೀರ್ಪು ಕೊಡುವವರಿಗಾಗಿ, ಆಟದ ಸೃಷ್ಟಿಕರ್ತರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಬರೆದ ದಪ್ಪ ಪುಸ್ತಕ ಅದೇ ವರ್ಷ ಬಂದಿತ್ತು. ಅದನ್ನು ಓದಿದ ಯಾರಿಗಾದರೂ ಪ್ರಶ್ನೆಗಳು ಹುಟ್ಟದೆ ಇರುವುದಿಲ್ಲ. ನನಗೆ ಈಗಲೂ ಹುಟ್ಟುತ್ತವೆ. ತಮಾಷೆಯೆಂದರೆ ಆ ಪುಸ್ತಕದೊಳಗೂ ‘ಸೇಜ್’ಗಳಿದ್ದಾರೆ. ಪಾತ್ರಗಳು ಚಿನ್ನದ ನಾಣ್ಯ ಸುರಿದು ಸಂದೇಹ ಕೇಳಬೇಕಾದ ಪಂಡಿತರು ಅವರು. ಪ್ರಶ್ನೆ ಸಾಮಾನ್ಯದ್ದೋ, ನಿರ್ದಿಷ್ಟವೋ, ಕರಾರುವಾಕ್ಕಾದದ್ದೋ ಎಂದು ನೋಡಿ, ಪಂಡಿತರಿಗೆ ಉತ್ತರ ಗೊತ್ತಿದೆಯೇ ಎಂದು ದಾಳ ಉರುಳಿಸಬೇಕು. ಗೊತ್ತಿದ್ದರೂ ಹೇಳಲು ದಿನಗಟ್ಟಲೆ ಹಿಡಿಯಬಹುದು.

ಅಂಕಣ ಶುರು ಮಾಡಿದವರು ಜೀನ್ ವೆಲ್ಸ್, ಟಿಎಸ್‌ಆರ್‌ನ ವಿನ್ಯಾಸ ವಿಭಾಗಕ್ಕೆ ಸೇರಿದ ಮೊದಲ ಮಹಿಳೆ. ಆರಂಭದ ವರ್ಷಗಳ ಒಂದು ಉತ್ತರ ಓದಿ ಕಾಫಿ ನೆತ್ತಿಗೇರಿತು. ಬಿಲ್ಲಿನಿಂದ ಎಷ್ಟು ಪೆಟ್ಟಾಗುತ್ತದೆ ಎಂದು ಯಾರೋ ಕೇಳಿದ್ದಾರೆ. ಏನೂ ಆಗುವುದಿಲ್ಲ, ಪೆಟ್ಟಾಗುವುದು ಬಾಣದಿಂದ. ಬಿಲ್ಲಿನಿಂದಲೇ ಬಡಿದರೆ ಒಂದರಿಂದ ನಾಲ್ಕು ಅಂಕದಷ್ಟು ಆದೀತು, ಆಮೇಲೆ ಆ ಬಿಲ್ಲು ಬಾಣ ಬಿಡಲು ಬಾರದು ಎಂಬ ಅರ್ಥದ ಉತ್ತರ. ‘ಸುಧಾ’ದಲ್ಲಿ ಬೀಚಿಯವರ ಪ್ರಶ್ನೋತ್ತರಗಳನ್ನು ಅಪ್ಪ ಗಟ್ಟಿಯಾಗಿ ಓದುತ್ತಿದ್ದ ಮನೆ ನಮ್ಮದು. ಕೇಳಿದವನ ಮಾತನ್ನೇ ಹಿಡಿದು ಅವನ ಕಿವಿ ಹಿಂಡುವ ಈ ವಿದ್ಯೆಯ ಗುರುತು ನನಗೆ ಚೆನ್ನಾಗಿದೆ.

ಎಂಬತ್ತರ ದಶಕದ ಕೊನೆಯ ಭಾಗದಿಂದ ಬಹಳ ವರ್ಷ ಅಂಕಣ ನಡೆಸಿದವರು ಸ್ಕಿಪ್ ವಿಲಿಯಮ್ಸ್. 2000ದ ಮೂರನೆಯ ಆವೃತ್ತಿಯನ್ನು ರೂಪಿಸಿದವರಲ್ಲಿ ಒಬ್ಬರು. ಅವರ ಉತ್ತರಗಳು ಲೆಕ್ಕಪರಿಶೋಧಕರ ಟಿಪ್ಪಣಿಯಂತೆ. ಆಟದ ಮೇಜಿನ ಮೇಲೆ ಅವು ಖಂಡಿತ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಭಾನುವಾರ ಬೆಳಿಗ್ಗೆ ಓದಲು ಮಾತ್ರ ನನಗೆ ವೆಲ್ಸ್ ಅವರ ಕಾಲದ್ದೇ ಬೇಕು.

ಫೈರ್‌ಬಾಲ್ ಮರೆತೇಹೋಯಿತು. ಉತ್ತರಗಳನ್ನು ಬಿಟ್ಟು ಪ್ರಶ್ನೆಗಳನ್ನಷ್ಟೇ ಓದತೊಡಗಿದೆ. ಮೇಲ್ನೋಟಕ್ಕೆ ಎಲ್ಲವೂ ನಿಯಮದ ಪ್ರಶ್ನೆಗಳು. ಒಳಗಿರುವುದು ಜಗಳ. ‘ನಮ್ಮ ಡಂಜನ್ ಮಾಸ್ಟರ್ ಹೀಗೆನ್ನುತ್ತಾನೆ, ಸರಿಯೇ?’ ಎಂದು ಬರೆಯುವವನು ಹಿಂದಿನ ರಾತ್ರಿ ಸೋತವನು. ಗೆದ್ದವನು ಕಾಗದ ಬರೆಯಲು ಏಕೆ ಕೂರುತ್ತಾನೆ? ಆ ಕಾಗದ ಅಂಚೆಯಲ್ಲಿ ಹೋಗಿ, ಆಯ್ಕೆಯಾಗಿ, ಅಚ್ಚಾಗಿ ಬರುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ. ಅಷ್ಟು ಹೊತ್ತಿಗೆ ಆ ಪಾತ್ರ ಸತ್ತಿರಬಹುದು, ಹುಡುಗರು ಬೇರೆ ಬೇರೆ ಕಾಲೇಜಿಗೆ ಹೋಗಿರಬಹುದು. ಅಷ್ಟು ಕಾದವನಿಗೂ ಎಷ್ಟೋ ಸಲ ಸಿಗುವುದು ‘ಅದು ನಿಮ್ಮ ಡಂಜನ್ ಮಾಸ್ಟರ್‌ಗೆ ಬಿಟ್ಟದ್ದು’ ಎಂಬ ಉತ್ತರ. ಯಾರ ಮೇಲೆ ದೂರು ಕೊಟ್ಟಿದ್ದನೋ ಅವನ ಬಳಿಗೇ!

ಅಲ್ಲಿಗೆ ಬಂದು ನಿಂತೆ. ನಾನು ಸೋತವನಲ್ಲವಲ್ಲ. ನಿನ್ನೆ ಡಂಜನ್ ಮಾಸ್ಟರ್ ನಾನೇ. ಹದಿನಾರು ವರ್ಷದ ಹುಡುಗನ ವಿರುದ್ಧ ಅರ್ಧ ದಿನ ಸಾಕ್ಷಿ ಹುಡುಕಿದವನೂ ನಾನೇ.

ಸಂಜೆ ಅವನಿಗೆ ಫೋನ್ ಮಾಡಿದೆ. ಎರಡು ಸಲ ಎತ್ತಲಿಲ್ಲ, ಮೂರನೆಯ ಸಲ ಎತ್ತಿದ. ಎಲ್ಫ್ ಸತ್ತದ್ದು ಸತ್ತದ್ದೇ ಎಂದೆ. ಆದರೆ ಕಾಡಿನಲ್ಲಿ ಒಬ್ಬ ಡ್ರೂಯಿಡ್, ಪ್ರಕೃತಿಯ ಪುರೋಹಿತ, ಇದ್ದಾನೆ, ಅವನಿಗೆ ಪುನರ್ಜನ್ಮದ ಮಂತ್ರ ಬರುತ್ತದೆ, ಅದು ಎಲ್ಫ್‌ಗಳಿಗೂ ತಗಲುತ್ತದೆ. ಯಾವ ಜನ್ಮ ಎಂಬುದನ್ನು ಮಾತ್ರ ದಾಳ ಹೇಳುತ್ತದೆ. ಫೋನಿನ ಆಚೆ ದಾಳ ಉರುಳಿದ ಸದ್ದು ಕೇಳಿಸಿತು. ಅವನು ಅಂಕ ಹೇಳಿದ, ನಾನು ಪಟ್ಟಿ ನೋಡಿದೆ.

“ಗೂಬೆ” ಎಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದ: “ಮಾವ, ಗೂಬೆ ಫೈರ್‌ಬಾಲ್ ಎಸೆಯಬಹುದೇ?”