ಮೂರರಿಂದ ನಾಲ್ಕಕ್ಕೆ ಹೋದ ದಿನ

ನಮ್ಮದು ಚಿಕ್ಕ ಪ್ಯಾಕೇಜ್, ಅಂದರೆ ಬೇರೆಯವರು ತಮ್ಮ ಸಾಫ್ಟ್‌ವೇರ್ ಒಳಗೆ ಸೇರಿಸಿಕೊಳ್ಳುವ ಕೋಡ್. 125000 ಅಂತ ಕೊಟ್ಟರೆ ಲಕ್ಷದ ಲೆಕ್ಕಕ್ಕೆ ಕಾಮಾ ಹಾಕಿ, ರೂಪಾಯಿ ಚಿಹ್ನೆ ಸೇರಿಸಿ, ₹ 1,25,000 ಅಂತ ವಾಪಸ್ ಕೊಡುತ್ತದೆ. ಕೆಲಸ ಇಷ್ಟೇ. ಆದರೆ ಬೆಂಗಳೂರಿನ ಎಷ್ಟೋ ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್ ಒಳಗೆ ಅದು ಕೂತಿದೆ. ಹಾಗಾಗಿ ಅದರ ಹೊಸ ವರ್ಷನ್ ಬಿಡುವುದು ನಮಗೆ ಯಾವತ್ತೂ ಸಣ್ಣ ವಿಷಯ ಅಲ್ಲ.

ಮೊದಲೆಲ್ಲ ಅದನ್ನು ಕೈಯಲ್ಲೇ ಮಾಡುತ್ತಿದ್ದೆವು. ಪ್ಯಾಕೇಜ್ ಫೈಲ್‌ನಲ್ಲಿ ನಂಬರ್ ಬದಲಾಯಿಸಬೇಕು. ಗಿಟ್ ಲಾಗ್ (ಕೋಡ್ ಬದಲಾವಣೆಗಳ ದಾಖಲೆ) ಓದಿ ಏನೇನು ಬದಲಾಗಿದೆ ಅಂತ ಚೇಂಜ್‌ಲಾಗ್ ಬರೆಯಬೇಕು. ಆ ವರ್ಷನ್‌ಗೆ ಗುರುತಾಗಿ ಗಿಟ್‌ನಲ್ಲಿ ಟ್ಯಾಗ್ ಹಾಕಬೇಕು, ಆಮೇಲೆ ಎನ್‌ಪಿಎಂಗೆ, ಅಂದರೆ ಎಲ್ಲರೂ ಇಂಥ ಪ್ಯಾಕೇಜ್ ಇಳಿಸಿಕೊಳ್ಳುವ ತಾಣಕ್ಕೆ, ಪಬ್ಲಿಷ್ ಮಾಡಬೇಕು. ಪಬ್ಲಿಷ್‌ಗೆ ಬೇಕಾದ ಓಟಿಪಿ ನಮ್ಮ ಸೀನಿಯರ್ ಒಬ್ಬರ ಫೋನಿನಲ್ಲಿ ಮಾತ್ರ ಇತ್ತು. ಅವರು ಜಾತ್ರೆ ಅಂತ ಊರಿಗೆ ಹೋದರೆ ರಿಲೀಸ್ ಅಲ್ಲಿಗೇ ನಿಂತಿತು.

ಎನ್‌ಪಿಎಂನಲ್ಲಿ ಇನ್ನೊಂದು ಕಟ್ಟುನಿಟ್ಟು ಇದೆ. ಒಮ್ಮೆ ಹೊರಗೆ ಹೋದ ನಂಬರನ್ನು ಮತ್ತೆ ಬಳಸುವ ಹಾಗಿಲ್ಲ. ಆ ವರ್ಷನ್ ಅಳಿಸಿದರೂ ಆ ನಂಬರ್ ಸಿಗುವುದಿಲ್ಲ. 2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಅನ್ನುವ ಹನ್ನೊಂದು ಸಾಲಿನ ಪ್ಯಾಕೇಜ್ ತೆಗೆದುಹಾಕಿದ್ದಕ್ಕೆ ಜಗತ್ತಿನ ಎಷ್ಟೋ ಪ್ರಾಜೆಕ್ಟ್‌ಗಳ ಬಿಲ್ಡ್ ಮುರಿದುಬಿದ್ದಿತ್ತು. ಅದಾದ ಮೇಲೆ ಅಳಿಸುವ ನಿಯಮವೂ ಬಿಗಿಯಾಯಿತು. ಕಣ್ಣು ಎಳೆಯುವ ಹೊತ್ತಿನಲ್ಲಿ, ಮನೆಗೆ ಹೋಗುವ ಅವಸರದಲ್ಲಿ ಮಾಡುವ ಕೆಲಸ ಇದಲ್ಲ ಅಂತ ನನಗೆ ಬಹಳ ದಿನದಿಂದ ಅನಿಸುತ್ತಿತ್ತು.

ಕೊನೆಗೆ ಸೆಮ್ಯಾಂಟಿಕ್ ರಿಲೀಸ್ ಅನ್ನುವ ಟೂಲ್ ಹಾಕೋಣ ಅಂತ ತೀರ್ಮಾನ ಆಯಿತು. ಇದು ನಮ್ಮ ಕಮಿಟ್ ಮೆಸೇಜ್ (ಕೋಡಿನ ಪ್ರತಿ ಬದಲಾವಣೆಯ ಜೊತೆ ಬರೆಯುವ ಟಿಪ್ಪಣಿ) ಓದಿ ಮುಂದಿನ ನಂಬರ್ ತಾನೇ ತೀರ್ಮಾನಿಸುತ್ತದೆ. ಮೆಸೇಜ್ ‘ಫಿಕ್ಸ್’ ಅಂತ ಶುರುವಾದರೆ ಕೊನೆಯ ಅಂಕಿ ಏರುತ್ತದೆ. ‘ಫೀಟ್’ (ಹೊಸ ಸೌಲಭ್ಯ) ಅಂತಿದ್ದರೆ ನಡುವಿನದು. ಕೆಳಗೆ ‘ಬ್ರೇಕಿಂಗ್ ಚೇಂಜ್’ (ಬಳಸುವವರ ಹಳೆಯ ಕೋಡ್ ಕೆಡಿಸಬಹುದಾದ ಬದಲಾವಣೆ) ಅಂತ ಬರೆದಿದ್ದರೆ ಮೊದಲನೆಯದು. ಟ್ಯಾಗ್, ಚೇಂಜ್‌ಲಾಗ್, ಪಬ್ಲಿಷ್ ಎಲ್ಲವೂ ಅದರ ಪಾಲು. ಓಟಿಪಿ ತಾಪತ್ರಯವೂ ಹೋಯಿತು. 2025ರಲ್ಲಿ ಎನ್‌ಪಿಎಂ ತಂದ ಟ್ರಸ್ಟೆಡ್ ಪಬ್ಲಿಷಿಂಗ್‌ನಿಂದ ಇಂಥ ಕೆಲಸಗಳನ್ನು ತಾನೇ ನಡೆಸುವ ಗಿಟ್‌ಹಬ್ ಆಕ್ಷನ್ಸ್ ನೇರವಾಗಿ ಪಬ್ಲಿಷ್ ಮಾಡಬಹುದು, ಯಾರ ಫೋನೂ ಬೇಡ.

ಅದೊಂದು ಬುಧವಾರ, ಬಸವನಗುಡಿಯ ನಮ್ಮ ಆಫೀಸಿನಲ್ಲಿ ಬೆಳಿಗ್ಗೆಯೇ ಡ್ರೈ ರನ್ ಹಾಕಿದೆವು. ಡ್ರೈ ರನ್ ಅಂದರೆ ನಿಜವಾಗಿ ಏನೂ ಬಿಡದೆ, ಏನು ಬಿಡುತ್ತಿದ್ದೆ ಅಂತ ಹೇಳುವುದು. ನಾವಿದ್ದದ್ದು 3.7.2ರಲ್ಲಿ. ಸ್ಕ್ರೀನಿನಲ್ಲಿ ಬಂದದ್ದು, ಮುಂದಿನ ವರ್ಷನ್ 1.0.0! ನಮ್ಮ ಹಳೆಯ ಟ್ಯಾಗ್‌ಗಳೆಲ್ಲ ಬರೀ ಅಂಕಿ. ಈ ಟೂಲ್ ಅಂಕಿಯ ಮುಂದೆ ‘ವಿ’ ಅಕ್ಷರ ಇರುತ್ತದೆ ಅಂತ ಹುಡುಕುತ್ತದೆ. ಒಂದೂ ಸಿಗದಿದ್ದಾಗ, ಇದು ಮೊದಲನೇ ರಿಲೀಸ್ ಅಂದುಕೊಂಡಿತು. ಟ್ಯಾಗ್ ಹೇಗಿರುತ್ತದೆ ಅಂತ ಸೆಟ್ಟಿಂಗ್‌ನಲ್ಲಿ ಒಂದು ಸಾಲು ಬರೆದ ಮೇಲೆ 3.7.3 ಅಂತ ತೋರಿಸಿತು. ಹಳೆಯ ಪ್ಯಾಕೇಜ್‌ಗೆ ಇದನ್ನು ಹಾಕುವವರು ಮೊದಲು ನೋಡಬೇಕಾದ್ದು ಇದನ್ನೇ.

ಎಲ್ಲರೂ ಖುಷಿಯಾದರು. ನನಗೆ ಮಾತ್ರ ಆ 3.7.3ರ ಮೇಲೆ ಅನುಮಾನ ಬಂತು. ಒಳಗೆ ಏನಿದೆ ಅಂತ ತೆಗೆದು ನೋಡಿದೆ. ಹೋದ ವರ್ಷ ಸೇರಿದ ಹುಡುಗಿಯೊಬ್ಬಳ ಒಂದು ಕಮಿಟ್. ಚಿಹ್ನೆಗೂ ಅಂಕಿಗೂ ನಡುವೆ ಇದ್ದ ಸ್ಪೇಸ್ ತೆಗೆದಿದ್ದಳು. ₹ 1,25,000 ಇದ್ದದ್ದು ₹1,25,000 ಆಗಿತ್ತು. ಮೆಸೇಜ್ ಶುರುವಾಗಿದ್ದು ‘ಫಿಕ್ಸ್’ ಅಂತ.

“ಅಕ್ಕಾ, ಇದು ತಪ್ಪನ್ನ ಸರಿ ಮಾಡಿದ್ದೇ ಅಲ್ವಾ? ಸಣ್ಣ ಪ್ರಿಂಟರಲ್ಲಿ ಆ ಸ್ಪೇಸ್ ಇಂದಾಗಿ ಚಿಹ್ನೆ ಒಂದು ಸಾಲು, ದುಡ್ಡು ಇನ್ನೊಂದು ಸಾಲಲ್ಲಿ ಬರ್ತಿತ್ತು,” ಅಂದಳು.

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಆ ದೂರು ಬಂದಿದ್ದೂ ನಿಜ. “ಆ ಸ್ಪೇಸ್ ನಂಬಿಕೊಂಡು ಯಾರಾದರೂ ಕೋಡ್ ಬರೆದಿದ್ದರೆ?” ಅಂತ ಕೇಳಿದೆ. “ಸ್ಪೇಸ್ ಯಾರು ನಂಬ್ತಾರೆ ಅಕ್ಕಾ?” ಅಂದಳು.

ರಾಜಾಜಿನಗರದಲ್ಲಿ ನಮ್ಮ ಪ್ಯಾಕೇಜ್ ಬಳಸುವ ಒಬ್ಬರಿಗೆ ಅಲ್ಲೇ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದೆ. ಹೋಲ್‌ಸೇಲ್ ಅಂಗಡಿಗಳಿಗೆ ಬಿಲ್ಲಿಂಗ್ ಮಾಡಿಕೊಡುವವರು. ಅವರು ಹೇಳಿದರು, “ಮೇಡಂ, ನಾವು ಆ ಸ್ಪೇಸ್ ಇರೋ ಕಡೆ ಕತ್ತರಿಸಿ ಎರಡು ತುಂಡು ಮಾಡ್ತೀವಿ. ಚಿಹ್ನೆ ಒಂದು ಕಾಲಂಗೆ, ಮೊತ್ತ ಇನ್ನೊಂದು ಕಾಲಂಗೆ. ಸ್ಪೇಸ್ ಇಲ್ಲಾಂದ್ರೆ ಮೊತ್ತದ ಕಾಲಂ ಖಾಲಿ ಬರುತ್ತೆ.”

ಅವರ ಫೈಲ್‌ನಲ್ಲಿ ನಮ್ಮ ಪ್ಯಾಕೇಜ್ ಮುಂದೆ ಟೋಪಿ ಗುರುತು (^) ಹಾಕಿ 3.7.0 ಅಂತ ಬರೆದಿದ್ದರು. ಅಂದರೆ 4.0.0ಕ್ಕಿಂತ ಕಡಿಮೆ ಇರುವ ಯಾವ ಹೊಸದು ಬಂದರೂ ಒಪ್ಪಿಗೆ. ವರ್ಷನ್ ಬದಲಾಗದಂತೆ ಹಿಡಿದಿಡುವ ಲಾಕ್ ಫೈಲ್ ಇಲ್ಲದ ಕಡೆ ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ 3.7.3 ತಾನಾಗೇ ಒಳಗೆ ಬಂದು ಕೂರುತ್ತಿತ್ತು. ಮೊತ್ತವೇ ಇಲ್ಲದ ಬಿಲ್ ಹಿಡಿದು ಗಿರಾಕಿ ನಿಲ್ಲುತ್ತಿದ್ದ. ಮಶೀನ್ ಇಲ್ಲಿ ಏನೂ ತಪ್ಪು ಮಾಡಿರುತ್ತಿರಲಿಲ್ಲ. ನಾವು ಹೇಳಿದ್ದನ್ನು ನಂಬಿರುತ್ತಿತ್ತು, ಅಷ್ಟೇ. ಟೆಸ್ಟ್‌ಗಳೂ ಪಾಸಾಗಿದ್ದವು, ಯಾಕೆಂದರೆ ಸ್ಪೇಸ್ ತೆಗೆದವಳೇ ಟೆಸ್ಟನ್ನೂ ಅದಕ್ಕೆ ತಕ್ಕ ಹಾಗೆ ತಿದ್ದಿದ್ದಳು.

ಆ ಹುಡುಗಿ ಫೋನ್ ಇಡುವ ತನಕ ಮಾತಾಡಲಿಲ್ಲ. ಆಮೇಲೆ ಲ್ಯಾಪ್‌ಟಾಪ್ ಎಳೆದುಕೊಂಡು ಕಮಿಟ್ ಮೆಸೇಜ್ ತಿದ್ದಿದಳು. ಕೆಳಗೆ ‘ಬ್ರೇಕಿಂಗ್ ಚೇಂಜ್’ ಅಂತ ಹಾಕಿ, ಸ್ಪೇಸ್ ನೋಡಿ ಕತ್ತರಿಸುವವರು ಇನ್ನು ಮುಂದೆ ಮೊದಲ ಅಕ್ಷರ ಮಾತ್ರ ಬೇರ್ಪಡಿಸಿ ಅಂತ ಬರೆದಳು. ಇಂಥ ಮೆಸೇಜ್ ಬರೆಯುವವರು ನನಗೆ ಬಹಳ ಇಷ್ಟ. ಓದುವವರಿಗೆ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ. ಅದೇ ಸಾಲು ಚೇಂಜ್‌ಲಾಗ್‌ಗೂ ಹೋಗುತ್ತದೆ.

ಮತ್ತೆ ಡ್ರೈ ರನ್. ಈ ಸಲ 4.0.0. ಸಂಜೆ ಮೇನ್ ಬ್ರ್ಯಾಂಚ್‌ಗೆ, ಅಂದರೆ ಕೋಡಿನ ಮುಖ್ಯ ಪ್ರತಿಗೆ, ಸೇರಿಸಿದೆವು. ಕಾಫಿ ಮುಗಿಯುವಷ್ಟರಲ್ಲಿ ಎನ್‌ಪಿಎಂನಲ್ಲಿ ಬಂದಿತ್ತು. ಊರಿನಲ್ಲಿದ್ದ ಸೀನಿಯರ್‌ಗೆ ಗೊತ್ತಾದದ್ದು ಮೇಲ್ ನೋಡಿದ ಮೇಲೆ.

ಈಗ ರಿವ್ಯೂ ಮಾಡುವಾಗ ನಾವು ಕೋಡ್‌ಗಿಂತ ಮೊದಲು ಮೆಸೇಜ್ ಓದುತ್ತೇವೆ. ಇದು ‘ಫಿಕ್ಸ್’ ಹೌದಾ, ಯಾರ ಪಾಲಿಗೆ ಫಿಕ್ಸ್ ಅಂತ ಕೇಳುತ್ತೇವೆ. ರಾಜಾಜಿನಗರದವರು ತಕ್ಷಣ 4ಕ್ಕೆ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಅವರಿಗೋಸ್ಕರ 3ರ ಸಾಲಿಗೆ ಬೇರೆ ಬ್ರ್ಯಾಂಚ್ ಇಟ್ಟೆವು. ಅಲ್ಲಿಂದ ಹೋಗುವ ರಿಲೀಸ್‌ಗೆ ಟೂಲ್ ಎನ್‌ಪಿಎಂನಲ್ಲಿ ಬೇರೆಯೇ ಟ್ಯಾಗ್ ಹಾಕುತ್ತದೆ, ಹೊಸಬರಿಗೆ ಹಳೆಯದು ಸಿಗುವುದಿಲ್ಲ. ಕೈಯಲ್ಲಿ ಮಾಡುತ್ತಿದ್ದಾಗ ಆ ಟ್ಯಾಗ್ ಹಾಕುವುದು ಮರೆತರೆ ಹಳೆಯ ವರ್ಷನ್ನೇ ‘ಲೇಟೆಸ್ಟ್’ ಆಗಿಬಿಡುತ್ತಿತ್ತು. ದೀಪಾವಳಿ ವ್ಯಾಪಾರ ಮುಗಿದ ಮೇಲೆ ಅವರೂ ಕೋಡ್ ಬದಲಾಯಿಸಿ, ನಾಲ್ಕಕ್ಕೆ ಬಂದರು.